ಬಾಯಮ್ಮ ಗೆಸ್ಟ್ ಆದ ದಿನ

ಬಾಯಮ್ಮನ ಜೊತೆ ಹೊರಗೆ ಹೋಗಿ, ಏನೂ ಆಗದೆ, ಹೋದ ಹಾಗೆಯೇ ಮನೆಗೆ ವಾಪಸ್ ಬಂದ ದಿನ ಒಂದಾದರೂ ಇದೆಯಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲ. ತರಕಾರಿ ತರಲು ಹೋದರೂ ಒಂದು ಕಥೆ, ಚರ್ಚಿಗೆ ಹೋದರೂ ಒಂದು ಕಥೆ. ಒಮ್ಮೆ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಬ್ಬರೇ ಸಿಕ್ಕಿಹಾಕಿಕೊಂಡರು. ಗಾಬರಿಯಿಂದ ಓಡಿ ಬಂದ ಮೆಕ್ಯಾನಿಕ್ ಬಾಗಿಲು ತೆರೆದು ನೋಡಿದರೆ, ಬಾಯಮ್ಮ ಕರ್ಚೀಫಿನಲ್ಲಿ ಲಿಫ್ಟಿನ ಕನ್ನಡಿ ಒರೆಸುತ್ತಾ ನಿಂತಿದ್ದರು. "ಹೇಗೂ ಟೈಮ್ ಉಂಟಲ್ಲ ಮಾರಾಯ್ತಿ" ಅಂದರು ನನಗೆ.

ಬಾಯಮ್ಮ ನನ್ನ ರೂಮ್‌ಮೇಟ್. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರು ಕಿನ್ನಿಗೋಳಿ ಕಡೆಯವರು, ನಾನು ಕುಂದಾಪುರದವಳು. ಅಬುಧಾಬಿಯ ಹೊರವಲಯ ಮುಸಫ್ಫಾದ ಒಂದು ರೂಮಿನಲ್ಲಿ ಎರಡು ಮಂಚ, ಒಂದು ಫ್ರಿಜ್ಜು, ಅವರ ಮಾತೆ ಮರಿಯಮ್ಮ, ನನ್ನ ಗಣಪತಿ, ಎಲ್ಲರೂ ಹೊಂದಿಕೊಂಡು ವರ್ಷಗಟ್ಟಲೆ ಇದ್ದೆವು. ನಾನು ಹತ್ತಿರದ ಒಂದು ಫ್ಯಾಬ್ರಿಕೇಷನ್ ಕಂಪೆನಿಯ ಆಫೀಸಿನಲ್ಲಿ ಕೂತು ಕೆಲಸ ಮಾಡುವವಳು. ಬಾಯಮ್ಮ ಅಬುಧಾಬಿ ಸಿಟಿಯ ದೊಡ್ಡ ಹೋಟೆಲಿನಲ್ಲಿ ಹೌಸ್‌ಕೀಪಿಂಗ್. ಇಪ್ಪತ್ತು ಚಿಲ್ಲರೆ ವರ್ಷ ಬೇರೆಯವರು ಮಲಗುವ ಹಾಸಿಗೆ ಹಾಸಿದ್ದಾರೆ, ಒಂದು ದಿನವೂ ಅದರ ಅಂಚಿನಲ್ಲಿ ಕೂತವರಲ್ಲ.

ಈ ಫೆಬ್ರವರಿಯಲ್ಲಿ ಅವರ ನೌಕರಿ ಮುಗಿಯಿತು. ವೀಸಾ ಕ್ಯಾನ್ಸಲ್ ಆಯಿತು, ಸಾಮಾನು ಕಾರ್ಗೋದಲ್ಲಿ ಹೋಯಿತು, ಮಂಗಳೂರಿನ ಟಿಕೆಟ್ ಬಂತು. ಇನ್ನೊಂದು ವಾರಕ್ಕೆ ಬಾಯಮ್ಮ ಊರಿಗೆ, ಕಾಯಂ ಆಗಿ. ಒಂದು ಸಂಜೆ ಚಾ ಕುಡಿಯುತ್ತಾ ಇದ್ದಕ್ಕಿದ್ದಂತೆ ಹೇಳಿದರು: "ಊರಿಗೆ ಹೋದ ಮೇಲೆ ಎಲ್ಲರೂ ಕೇಳ್ತಾರೆ, ಗಲ್ಫ್ ಹೇಗಿತ್ತು ಬಾಯಮ್ಮ ಅಂತ. ನಾನು ಎಂತ ಹೇಳುವುದು? ಬಾತ್‌ರೂಮ್ ಒಳ್ಳೆ ಉಂಟು ಅಂತವಾ?"

ಆಮೇಲೆ ಲೋಟ ಕೆಳಗಿಟ್ಟು, "ಒಂದು ದಿನ ಗೆಸ್ಟ್ ಆಗಿ ನೋಡಬೇಕಿತ್ತು" ಅಂದರು. ನಕ್ಕುಕೊಂಡೇ ಅಂದರು.

ಮರುದಿನವೇ ಮೊಬೈಲಿನಲ್ಲಿ ಹುಡುಕಿದೆ. ಅಬುಧಾಬಿಯಿಂದ ಬೋಟಿನಲ್ಲಿ ಹೋಗುವ ಒಂದು ಸಣ್ಣ ದ್ವೀಪದಲ್ಲಿ 'ಕೆರಿಬಿಯನ್ ಡೇ' ಅಂತ ಇಡೀ ದಿನದ ಮೋಜು ಇಟ್ಟಿದ್ದರು. ಇಬ್ಬರಿಗೂ ಬುಕ್ ಮಾಡಿಯೇ ಅವರಿಗೆ ಹೇಳಿದೆ.

"ಕೆರಿಬಿಯನ್ ಅಂದರೆ ಎಲ್ಲಿ?" ಅಂತ ಕೇಳಿದರು ಬಾಯಮ್ಮ.

"ನಿಜವಾದದ್ದು ಅಮೆರಿಕದ ಆಚೆಕಡೆ ಎಲ್ಲೋ ಇದೆ. ದ್ವೀಪ, ತೆಂಗಿನ ಮರ, ಸಮುದ್ರ, ಬಿಸಿಲು. ಅದನ್ನೇ ಇಲ್ಲಿ ಮಾಡಿದ್ದಾರೆ."

"ಅಂದರೆ ಮಲ್ಪೆ."

"ಮಲ್ಪೆಯೇ. ಆದರೆ ಟವೆಲ್ ಕೊಡ್ತಾರೆ."

"ಟವೆಲ್ ದಪ್ಪ ಉಂಟಾ?" ಅಂದರು. ಅಲ್ಲಿಗೇ ನನಗೆ ಅನುಮಾನ ಬಂತು.

ಅದಕ್ಕೇ ಒಂದು ಷರತ್ತು ಹಾಕಿದೆ. ಆ ದಿನ ಅವರು ಯಾವ ಕೆಲಸಕ್ಕೂ ಕೈ ಹಾಕಬಾರದು. ಮಲಗಬೇಕು. ಯಾರಾದರೂ ಬಂದು ಏನು ಬೇಕು ಮೇಡಂ ಅಂದರೆ, ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು.

"ಅದೆಂತ ಮಹಾ? ನನಗೆ ಮಲಗಲಿಕ್ಕೆ ಬರುವುದಿಲ್ವಾ?" ಅಂದರು. ಬರುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಗೇಟಿನ ಹೊರಗೆ

ಬೆಳಿಗ್ಗೆ ಟ್ಯಾಕ್ಸಿ ಹತ್ತುವಾಗ ಬಾಯಮ್ಮನ ಬ್ಯಾಗು ಅವರಿಗಿಂತ ಭಾರ ಇತ್ತು. "ಎಂತ ಉಂಟು ಇದರಲ್ಲಿ?" ಅಂದರೆ "ಟವೆಲ್" ಅಂದರು. ಟವೆಲಿಗೆ ಕೋಳಿ ಸುಕ್ಕದ ವಾಸನೆ ಬರುತ್ತಿತ್ತು.

ಬೋಟಿನ ಜೆಟ್ಟಿಯ ಗೇಟಿನಲ್ಲಿ ಬ್ಯಾಗು ಚೆಕ್ ಮಾಡುವವನು ಒಬ್ಬ ನೇಪಾಳಿ. ಬ್ಯಾಗಿನ ಜಿಪ್ ಎಳೆದ. ಒಂದು ಸ್ಟೀಲ್ ಡಬ್ಬಿ ಬಂತು. ಅದರ ಕೆಳಗೆ ಇನ್ನೊಂದು. ಅದರಡಿ ಬಾಳೆಹಣ್ಣು, ಚಕ್ಕುಲಿ, ಫ್ಲಾಸ್ಕಿನಲ್ಲಿ ಚಾ. ಪಾಪ, ಅವನೇ ಸಂಕೋಚದಿಂದ ಹೇಳಿದ, "ಮೇಡಂ, ಹೊರಗಿನ ತಿಂಡಿ ಒಳಗೆ ಅಲೋ ಇಲ್ಲ." ಹಿಂದಿಯಲ್ಲಿ ಹೇಳಿದ್ದು.

ನನಗೆ ಮರ್ಯಾದೆ ಹೋದ ಹಾಗಾಯಿತು. ಹಿಂದೆ ಟೋಪಿ, ತಂಪು ಕನ್ನಡಕ ಹಾಕಿಕೊಂಡವರ ಉದ್ದ ಸಾಲು. ಡಬ್ಬಿ ಇಲ್ಲೇ ಬಿಟ್ಟು ಹೋಗೋಣ ಅಂತ ನಾನು ಪಿಸುಗುಟ್ಟಿದೆ. ಬಾಯಮ್ಮ ಸ್ವಲ್ಪವೂ ವಿಚಲಿತರಾಗಲಿಲ್ಲ.

"ಹೊರಗಿನದ್ದು ಒಳಗೆ ತರಬಾರದು, ಅಷ್ಟೇ ಅಲ್ವಾ? ಹೊರಗೇ ತಿನ್ನುವಾ."

ಅಂದವರೇ ಪಕ್ಕದ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿಯೇಬಿಟ್ಟರು. ಬೆಳ್ಳಗಿನ ಸಣ್ಣಾಸ್, ಇಡ್ಲಿಯ ಹಾಗೆ ಆದರೆ ಇನ್ನೂ ಮೆತ್ತಗೆ, ಮೇಲೆ ಸುಕ್ಕ. ಮೊದಲ ತಟ್ಟೆ ಹೋದದ್ದು ಆ ನೇಪಾಳಿಗೇ. ಅವನು ಬೇಡ ಬೇಡ ಅನ್ನುತ್ತಾ ಒಂದು ತಿಂದ, ಆಮೇಲೆ ಸುಮ್ಮನೆ ತಟ್ಟೆ ಚಾಚಿದ. ವಾಸನೆಗೆ ಬೋಟಿನವನು ಬಂದ. ಸಾಲಿನಲ್ಲಿದ್ದ ಒಬ್ಬ ಬಿಳಿ ಅಜ್ಜ, ಇದೂ ಕೆರಿಬಿಯನ್ ಡೇಯ ಭಾಗವೇ ಅಂದುಕೊಂಡು ಬಂದು ಕೈಯೊಡ್ಡಿದರು. ಅವರಿಗೂ ಒಂದು ಸಿಕ್ಕಿತು.

ಹೊರಡುವ ಹೊತ್ತಿಗೆ ಡಬ್ಬಿ ಖಾಲಿ. ಬೋಟಿನವನು ನಮ್ಮನ್ನು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂರಿಸಿದ. ಆ ಬಿಳಿ ಅಜ್ಜ ದ್ವೀಪ ಮುಟ್ಟಿದ ಮೇಲೆ ಊಟದ ಕೌಂಟರಿಗೆ ಹೋಗಿ, ಗೇಟಿನಲ್ಲಿ ಕೊಟ್ಟದ್ದೇ ಇನ್ನೂ ಎರಡು ಕೊಡಿ ಅಂತ ಶೆಫ್ ಹತ್ತಿರ ಜಗಳಕ್ಕೆ ನಿಂತರು.

ಟವೆಲ್

ದ್ವೀಪ ಚೆಂದವೇ ಇತ್ತು. ಬಿಳಿ ಮರಳು, ತೆಂಗಿನ ಮರ, ಸಾಲಾಗಿ ಮಲಗುವ ಕುರ್ಚಿಗಳು. ನಮಗೆ ತೋರಿಸಿದ ಕುರ್ಚಿಗಳ ಮೇಲೆ ಅಲ್ಲಿಯ ಹುಡುಗಿ ಟವೆಲ್ ಹಾಸಿ, "ಎಂಜಾಯ್ ಮೇಡಂ" ಅಂತ ಹೋದಳು. ಬಾಯಮ್ಮ ಅವಳು ಮರೆಯಾಗುವವರೆಗೆ ಕಾದರು. ಆಮೇಲೆ ಎದ್ದು ಟವೆಲನ್ನು ಕೊಡವಿ, ಮೂಲೆಗಳನ್ನು ಕುರ್ಚಿಯ ಅಡಿಗೆ ಮಡಚಿ, ಅಂಗೈಯಲ್ಲಿ ಸವರಿದರು.

"ಬಾಯಮ್ಮ!" ಅಂದೆ.

"ನನ್ನದೇ ಅಲ್ವಾ? ನನ್ನ ಕುರ್ಚಿ ನಾನು ಸರಿ ಮಾಡಬಾರದಾ?"

ಅದೂ ಸರಿಯೇ. ಅವರು ಮಲಗಿದರು. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. "ಅದು ಸೊಟ್ಟ ಉಂಟು. ಕಣ್ಣಿಗೆ ಬೀಳ್ತದೆ ಮಾರಾಯ್ತಿ, ನಿದ್ದೆ ಬರುವುದಿಲ್ಲ" ಅಂತ ಎದ್ದು ಅದನ್ನೂ ಸರಿ ಮಾಡಿ ಬಂದರು.

ನಾನು ಬುದ್ಧಿ ಇಲ್ಲದೆ ಜ್ಯೂಸ್ ತರಲು ಹೋದೆ. ವಾಪಸ್ ಬಂದು ನೋಡಿದರೆ ಇಡೀ ಸಾಲಿನ ಟವೆಲುಗಳು ಇಸ್ತ್ರಿ ಹಾಕಿದಂತೆ ಮಲಗಿವೆ. ಬಾಯಮ್ಮ ಕೈಯಲ್ಲಿ ಟವೆಲಿನ ಅಟ್ಟಿ ಹಿಡಿದು ನಿಂತಿದ್ದಾರೆ. ಅವರು ಹಾಕಿಕೊಂಡದ್ದು ತಿಳಿ ಹಳದಿ ಚೂಡಿದಾರ, ಅಲ್ಲಿಯ ಕೆಲಸದವರ ಯೂನಿಫಾರಂ ಕೂಡ ತಿಳಿ ಹಳದಿ. ದೊಡ್ಡ ಟೋಪಿಯ ಒಬ್ಬ ಹೆಂಗಸು ಅವರಿಗೆ ಛತ್ರಿ ಸ್ವಲ್ಪ ಈ ಕಡೆ ತಿರುಗಿಸು ಅನ್ನುತ್ತಿದ್ದಾಳೆ. "ಶ್ಯೂರ್ ಮ್ಯಾಮ್" ಅಂತ ಬಾಯಮ್ಮ ತಿರುಗಿಸುತ್ತಿದ್ದಾರೆ.

ಕೈ ಹಿಡಿದು ಎಳೆದುಕೊಂಡು ಬಂದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಒಂದೇ ಒಂದು ದಿನ, ಅದನ್ನೂ ಇವರು ಡ್ಯೂಟಿ ಮಾಡಿಯೇ ಕಳೆಯುತ್ತಾರಲ್ಲ ಅಂತ.

"ಅವರು ಕೇಳಿದರು. ನಾನು ಇಲ್ಲ ಅಂತ ಹೇಗೆ ಹೇಳುವುದು?"

"ನಾನೂ ನಿಮ್ಮ ಹಾಗೆ ಗೆಸ್ಟ್ ಅಂತ ಹೇಳಿ ಬನ್ನಿ. ಈಗಲೇ ಹೋಗಿ ಹೇಳಿ."

ಶಾಲೆಯ ಮಗುವಿನ ಹಾಗೆ ತಲೆ ತಗ್ಗಿಸಿ ಹೋದರು. ಸ್ವಲ್ಪ ಹೊತ್ತಿಗೆ ಬಂದರು.

"ಹೇಳಿದಿರಾ?"

"ಹೇಳಿದೆ."

"ಏನಂದರು?"

"ತುಂಬಾ ಸಾರಿ ಅಂದರು. ಪಾಪ, ಮುಖ ಸಣ್ಣ ಮಾಡಿಕೊಂಡರು. ನೋಡಲಿಕ್ಕೆ ಆಗಲಿಲ್ಲ. ಇನ್ನೊಂದು ಟವೆಲ್ ಕೊಟ್ಟು ಬಂದೆ."

ಕಡಲುಗಳ್ಳ

ಮಧ್ಯಾಹ್ನದ ಹೊತ್ತಿಗೆ ಒಬ್ಬ ವೇಟರ್ ಬಂದು, ಬಾಯಮ್ಮ ಜೀವಮಾನವಿಡೀ ಕಾದಿದ್ದ ಮಾತನ್ನು ಕೊನೆಗೂ ಕೇಳಿದ: "ವಾಟ್ ವುಡ್ ಯು ಲೈಕ್, ಮೇಡಂ?"

ನಾನು ಉಸಿರು ಬಿಗಿಹಿಡಿದೆ. ಬಾಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಥಿಂಗ್, ಥ್ಯಾಂಕ್ಯೂ. ಯು ಸಿಟ್. ಯುವರ್ ಫೇಸ್ ವೆರಿ ಟಯರ್ಡ್."

ಅವನು ಕೂರಲಿಲ್ಲ ಅನ್ನುವುದೊಂದೇ ಸಮಾಧಾನ. ನಾನೇ ಅವರನ್ನು ಎಬ್ಬಿಸಿಕೊಂಡು ಎಳನೀರು ಕುಡಿಸಲು ಹೊರಟೆ. ತೆಂಗಿನ ಮರದ ಕೆಳಗೆ ಒಬ್ಬ ಕಡಲುಗಳ್ಳ ನಿಂತಿದ್ದ. ತಲೆಗೆ ಕೆಂಪು ವಸ್ತ್ರ, ಸೊಂಟದಲ್ಲಿ ಪ್ಲಾಸ್ಟಿಕ್ ಕತ್ತಿ, ಒಂದು ಕಣ್ಣಿಗೆ ಕಪ್ಪು ಪಟ್ಟಿ. ಕೈಯಲ್ಲಿದ್ದದ್ದು ಮಾತ್ರ ನಿಜವಾದ ಕತ್ತಿ. "ವೆಲ್‌ಕಮ್ ಟು ದ ಕೆರಿಬಿಯನ್!" ಅಂತ ಗುಡುಗುತ್ತಾ ಎಳನೀರಿನ ಬೊಂಡಕ್ಕೆ ಏಟು ಹಾಕುತ್ತಿದ್ದ. ಒಂದೇ ಕಣ್ಣಿನಲ್ಲಿ ಗುರಿ ಎಲ್ಲಿ ಸಿಗಬೇಕು? ಒಂದು ಏಟು ಬೊಂಡಕ್ಕೆ, ಒಂದು ಮೇಜಿಗೆ.

"ಕೈ ಹೋದೀತು ಮಾರಾಯಾ!" ಅಂತ ಬಾಯಮ್ಮ ಕಿರುಚಿದರು, ಅಪ್ಪಟ ಕನ್ನಡದಲ್ಲಿ.

ಕಡಲುಗಳ್ಳ ಬೆಚ್ಚಿಬಿದ್ದ. "ಎಂತ ಮಾಡುವುದು ಬಾಯಮ್ಮ, ಪಟ್ಟಿ ತೆಗೆದರೆ ಮ್ಯಾನೇಜರ್ ಬೈತಾರೆ" ಅಂದ. ಅಂದಮೇಲೆ ಅವನಿಗೂ ಆಶ್ಚರ್ಯ, ನಮಗೂ ಆಶ್ಚರ್ಯ. ಅವನು ಉಳ್ಳಾಲದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ. ಬಾಯಮ್ಮನ ಒಂದು ಕೂಗಿನ ಧಾಟಿಗೇ ಅವನಿಗೆ ಅವರ ಊರು, ಜಾತಿ, ವಯಸ್ಸು ಎಲ್ಲ ಗೊತ್ತಾಗಿತ್ತು.

"ಇಂಟರ್‌ವ್ಯೂನಲ್ಲಿ ಬೊಂಡ ಕೆತ್ತಲಿಕ್ಕೆ ಬರ್ತದಾ ಅಂತ ಕೇಳಿದರು. ಉಳ್ಳಾಲದವನಿಗೆ ಬರದೆ ಉಂಟಾ ಅಂದೆ. ಈ ವೇಷದ ವಿಷಯ ಕೆಲಸಕ್ಕೆ ಸೇರಿದ ಮೇಲೆ ಹೇಳಿದ್ದು" ಅಂತ ತನ್ನ ಕಷ್ಟ ತೋಡಿಕೊಂಡ.

"ಊರಲ್ಲಿ ಗೊತ್ತುಂಟಾ?" ಬಾಯಮ್ಮ ಕೇಳಿದರು.

"ಫೋಟೋ ಕಳಿಸಿದ್ದೆ. ಉಮ್ಮ ಅತ್ತು ಅತ್ತು ಎರಡು ಹೊತ್ತು ಊಟ ಮಾಡಲಿಲ್ಲ."

"ಅಯ್ಯೋ, ಕಳ್ಳನ ವೇಷ ಹಾಕಿದ್ದಕ್ಕಾ?"

"ಅಲ್ಲ ಬಾಯಮ್ಮ. ಕಣ್ಣಿನ ಆಪರೇಷನ್ ಆದದ್ದನ್ನು ಹೆತ್ತ ತಾಯಿಯಿಂದ ಯಾಕೆ ಮುಚ್ಚಿಟ್ಟೆ ಅಂತ."

ಸಮುದ್ರ

ಕರಾವಳಿಯವರು ಅಂದರೆ ಹುಟ್ಟುತ್ತಲೇ ಈಜುತ್ತಾರೆ ಅಂತ ಘಟ್ಟದ ಮೇಲಿನವರು ತಿಳಿದಿರುತ್ತಾರೆ. ಬಾಯಮ್ಮ ಮೊಣಕಾಲಿಗಿಂತ ಮೇಲೆ ಸಮುದ್ರ ಕಂಡವರಲ್ಲ. "ಸಮುದ್ರ ಇರುವುದು ಮೀನಿಗೆ. ನಮಗೆ ಇರುವುದು ಮಾರ್ಕೆಟ್" ಅನ್ನುವುದು ಅವರ ವಾದ.

ಆದರೂ ಆ ದಿನಕ್ಕೆ ಅಂತ ಸಿದ್ಧವಾಗಿಯೇ ಬಂದಿದ್ದರು. ಈಜುಡುಗೆ ಇಲ್ಲದೆ ನೀರಿಗೆ ಬಿಡುವುದಿಲ್ಲ ಅಂತ ಕೇಳಿ, ಪಕ್ಕದ ಫ್ಲ್ಯಾಟಿನ ಬ್ಯಾರಿ ಅಕ್ಕನಿಂದ ಬುರ್ಕಿನಿ ಕೇಳಿ ತಂದಿದ್ದರು. ತಲೆಯಿಂದ ಪಾದದವರೆಗೆ ಮುಚ್ಚುವ ಕಡುನೀಲಿ ಬುರ್ಕಿನಿ, ಅದರ ಮೇಲೆ ಕೇಸರಿ ಲೈಫ್ ಜಾಕೆಟ್. ದಡದಲ್ಲಿದ್ದ ಈಜಿಪ್ಟಿನ ಲೈಫ್‌ಗಾರ್ಡ್ ಇವರನ್ನು ಕಂಡದ್ದೇ ಎದ್ದು ನಿಂತು, ಎದೆಗೆ ಕೈಯಿಟ್ಟು, "ಅಸ್ಸಲಾಮು ಅಲೈಕುಂ, ಹಾಜ್ಜಾ" ಅಂದ. ಹಜ್ ಮಾಡಿ ಬಂದ ಹಿರಿಯ ಹೆಂಗಸರಿಗೆ ಕೊಡುವ ಗೌರವ ಅದು.

ಬಾಯಮ್ಮ ಬಹಳ ವರ್ಷದ ಅಭ್ಯಾಸದಲ್ಲಿ "ವಅಲೈಕುಂ ಸಲಾಂ" ಅಂದರು. ನೀರಿನ ಅಂಚಿಗೆ ಹೋದರು. ಒಂದು ಅಲೆ ಬಂತು. ಹೆದರಿಕೆಯಲ್ಲಿ ಹಣೆ, ಎದೆ, ಎರಡು ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡರು.

ಲೈಫ್‌ಗಾರ್ಡ್ ಬುರ್ಕಿನಿ ನೋಡಿದ. ಕೈ ನೋಡಿದ. ನನ್ನ ಮುಖ ನೋಡಿದ. ನಾನು ಬೇರೆ ಏನೂ ತೋಚದೆ ನನ್ನ ಹಣೆಯ ಕುಂಕುಮ ಮುಟ್ಟಿಕೊಂಡು, ಗಣಪತಿಗೆ ಕೈಮುಗಿದೆ. ಅವನು ಸ್ವಲ್ಪ ಯೋಚಿಸಿ, ಇಷ್ಟು ಬಂದೋಬಸ್ತು ಇದ್ದರೆ ನನ್ನ ಅಗತ್ಯ ಇಲ್ಲ ಅನ್ನುವ ಹಾಗೆ ಕೂತುಬಿಟ್ಟ.

ಬಾಯಮ್ಮ ನನ್ನ ಕೈ ಬಿಡಲಿಲ್ಲ. ಸೋಪು, ಬ್ಲೀಚು ತಾಗಿ ತಾಗಿ ಒರಟಾದ ಕೈ. ನೀರು ಸೊಂಟಕ್ಕೆ ಬಂದಾಗ ಇನ್ನೂ ಗಟ್ಟಿಯಾಗಿ ಹಿಡಿದರು. ನನಗೆ ಜ್ವರ ಬಂದಾಗಲೆಲ್ಲ ಹಣೆಗೆ ಬಟ್ಟೆ ಹಾಕಿದ ಕೈ ಅದು, ನನ್ನ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ನನ್ನ ಬೆನ್ನ ಮೇಲಿದ್ದ ಕೈ. ಮುಂದಿನ ವಾರ ಆ ಕೈ ರೂಮಿನಲ್ಲಿ ಇರುವುದಿಲ್ಲ ಅನ್ನಿಸಿ ಕಣ್ಣು ತುಂಬಿತು. ಉಪ್ಪುನೀರು ಕಣ್ಣಿಗೆ ಹೋಯಿತು ಅಂತ ಅವರಿಗೆ ಸುಳ್ಳು ಹೇಳಿದೆ.

ಅಷ್ಟರಲ್ಲಿ ಅವರು ಈಜುವ ಕನ್ನಡಕ ಕಟ್ಟಿಕೊಂಡು ಮುಖ ನೀರಿನೊಳಗೆ ಹಾಕಿದರು. ಬಹಳ ಹೊತ್ತು ಎತ್ತಲೇ ಇಲ್ಲ. ಹಳದಿ, ನೀಲಿ, ಪಟ್ಟೆಪಟ್ಟೆ ಮೀನುಗಳು ಅವರ ಸುತ್ತ ಓಡಾಡುತ್ತಿದ್ದವು. ಕೊನೆಗೆ ಮುಖ ಎತ್ತಿದಾಗ ಕಣ್ಣು ಇಷ್ಟಗಲ ಆಗಿತ್ತು. ನನಗೂ ಖುಷಿಯಾಯಿತು. ದಡಕ್ಕೆ ಬಂದಾಗ ಲೈಫ್‌ಗಾರ್ಡ್ ಕೇಳಿದ, "ಬ್ಯೂಟಿಫುಲ್, ಹಾಜ್ಜಾ?"

"ವೆರಿ ಬ್ಯೂಟಿಫುಲ್" ಅಂದರು ಬಾಯಮ್ಮ. ಆಮೇಲೆ ಅವನಿಗೆ ಬೇಜಾರಾಗದ ಹಾಗೆ ಮೆಲ್ಲಗೆ ಸೇರಿಸಿದರು, "ಬಟ್ ಸ್ಮಾಲ್. ಕರಿ ಮಾಫಿ, ನೋ ಕರಿ. ಓನ್ಲಿ ಫ್ರೈ."

ಪರದೆಯ ಒಳಗೆ

ನೀರಿನಿಂದ ಬಂದು ಬಟ್ಟೆ ಬದಲಾಯಿಸುವಾಗ ಬಾಯಮ್ಮ ಸುಸ್ತಾಗಿದ್ದರು. ಊಟದ ನಂತರ ವಿಶ್ರಾಂತಿಗೆ ಅಂತ ನಮ್ಮ ಪಾಲಿಗೆ ಒಂದು ಚಪ್ಪರ ಇತ್ತು. ನಾಲ್ಕು ಮರದ ಕಂಬ, ಸುತ್ತ ಬಿಳಿ ಪರದೆ, ಒಳಗೆ ಅಗಲವಾದ ಹಾಸಿಗೆ, ರಾಶಿ ದಿಂಬು. "ಐದು ನಿಮಿಷ ಬೆನ್ನು ಹಾಕ್ತೇನೆ" ಅಂದರು. ಹಾಸಿಗೆಯ ಮೂಲೆ ಎತ್ತಿ ನೋಡಲು ಕೈ ಹೋಯಿತು. ಆದರೆ ಮೂಲೆಗೆ ತಲುಪುವ ಮೊದಲೇ ನಿದ್ದೆ ಬಂದುಬಿಟ್ಟಿತು.

ಇಷ್ಟು ವರ್ಷದಲ್ಲಿ ಬಾಯಮ್ಮ ಹಗಲು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ನಾನು ಪರದೆಯ ಹೊರಗೆ ಕಾವಲು ಕೂತೆ. ಐಸ್‌ಕ್ರೀಮಿನವನು ಬಂದರೆ ತುಟಿಗೆ ಬೆರಳಿಟ್ಟೆ. ಹೂವಿನ ಅಂಗಿ ಹಾಕಿಕೊಂಡು ಡ್ರಮ್ ಬಾರಿಸುತ್ತಾ ಬಂದವರಿಗೆ ಕೈಮುಗಿದೆ, ಅವರು ತುದಿಗಾಲಲ್ಲಿ ದಾಟಿ ಹೋಗಿ ಆಚೆ ಶುರು ಮಾಡಿದರು. ಬಿಸಿಲು ಇಳಿಯಿತು. ಜನ ಒಬ್ಬೊಬ್ಬರೇ ಜೆಟ್ಟಿಯ ಕಡೆ ಹೊರಟರು. ಕೊನೆಯ ಬೋಟ್ ಬಂದು ನಿಂತಿತು. ನನಗೆ ಎಬ್ಬಿಸಲು ಮನಸ್ಸೇ ಬರಲಿಲ್ಲ.

ಆಗ ಟ್ರಾಲಿ ತಳ್ಳಿಕೊಂಡು ಬೆಳಗಿನ ಆ ಟವೆಲಿನ ಹುಡುಗಿ ಬಂದಳು. ಎಲ್ಲ ಚಪ್ಪರಗಳ ಬಟ್ಟೆ ತೆಗೆಯುವುದು ಅವಳ ಕೆಲಸ. ನಾನು ತಡೆಯುವುದರೊಳಗೆ ಕಂಬಕ್ಕೆ ಬೆರಳಿನಿಂದ ಟಕಟಕ ತಟ್ಟಿ ಹೇಳಿಬಿಟ್ಟಳು: "ಹೌಸ್‌ಕೀಪಿಂಗ್!"

ಮುಗಿಯಿತು, ಇನ್ನು ಬಾಯಮ್ಮ ಸ್ಪ್ರಿಂಗಿನ ಹಾಗೆ ಎದ್ದು ಬರುತ್ತಾರೆ ಅಂದುಕೊಂಡೆ. ಆ ಶಬ್ದವನ್ನು ದಿನವಿಡೀ ಕೂಗಿಯೇ ಅವರು ಬದುಕಿದ್ದು. ಪ್ರತಿ ಸಂಜೆ ರೂಮಿಗೆ ಬಂದು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡುತ್ತಿದ್ದದ್ದೂ ಒಂದೇ ವಿಷಯಕ್ಕೆ: ಬಾಗಿಲು ತಟ್ಟಿದರೆ ಏಳದೆ, ಒಳಗಿನಿಂದಲೇ ಆಮೇಲೆ ಬಾ ಅನ್ನುವ ಗೆಸ್ಟುಗಳು. "ಎದ್ದು ಒಂದು ಮಾತು ಹೇಳಿದರೆ ಇವರ ಗಂಟು ಹೋಗ್ತದಾ? ಎಂತ ಸೊಕ್ಕು ಮಾರಾಯ್ತಿ!" ಅಂತ.

ಪರದೆಯೊಳಗೆ ದಿಂಬು ಸರಿದ ಸದ್ದಾಯಿತು. ಆಮೇಲೆ ಬಾಯಮ್ಮನ ದನಿ ಬಂತು, ನಿಧಾನವಾಗಿ, ಮಹಾರಾಣಿಯ ಗತ್ತಿನಲ್ಲಿ, ಕಣ್ಣು ಬಿಡದೆಯೇ.

"ಕಮ್ ಲೇಟರ್!"

ಹುಡುಗಿ "ಸಾರಿ ಮೇಡಂ" ಅಂತ ಟ್ರಾಲಿ ಹಿಂದೆ ಎಳೆದುಕೊಂಡಳು. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮರಳಿನ ಮೇಲೆ ಕೂತೆ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಸಮುದ್ರದ ನೀರು ಅಂತ ಹೇಳಲು ಈ ಸಲ ಯಾರೂ ಎಚ್ಚರ ಇರಲಿಲ್ಲ.

ಬೋಟಿನವನು ಎರಡು ಸಲ ಹಾರ್ನ್ ಹೊಡೆದ ಮೇಲೆ ಬಾಯಮ್ಮ ಎದ್ದರು. ನಡೆದದ್ದನ್ನು ಹೇಳಿದೆ. ಕೆನ್ನೆಗೆ ಕೈ ಇಟ್ಟುಕೊಂಡು "ಯೇಸುವೇ!" ಅಂತ ಆ ಹುಡುಗಿಯ ಹತ್ತಿರ ಓಡಿ, ಅವಳ ಎರಡೂ ಕೈ ಹಿಡಿದು ಸಾರಿ ಕೇಳಿದರು. ಅವಳು ನಗುತ್ತಾ "ನೋ ಪ್ರಾಬ್ಲಂ ಮೇಡಂ, ಎಲ್ಲ ಗೆಸ್ಟೂ ಹಾಗೇ ಹೇಳ್ತಾರೆ" ಅಂದಳು.

ಬೋಟಿನಲ್ಲಿ ಬಾಯಮ್ಮ ನನಗೆ ಬೆನ್ನು ಹಾಕಿ ಕೂತರು. ದ್ವೀಪ ಸಣ್ಣದಾಗುವುದನ್ನೇ ನೋಡುತ್ತಿದ್ದರು. ಊರಿಗೆ ಹೋಗುವ ಯೋಚನೆ ಇರಬೇಕು, ಅಥವಾ ಆ ಹುಡುಗಿಗೆ ಹಾಗೆ ಹೇಳಿದ್ದು ಮನಸ್ಸಿಗೆ ಚುಚ್ಚಿರಬೇಕು ಅಂತ ನನಗೆ ಸಂಕಟವಾಯಿತು. ಹತ್ತಿರ ಸರಿದು, "ಬೇಜಾರು ಮಾಡ್ಕೊಳ್ಬೇಡಿ, ನಿದ್ದೆಗಣ್ಣಿನಲ್ಲಿ ಹೇಳಿದ್ದು" ಅಂದೆ.

ಬಾಯಮ್ಮ ನನ್ನ ಕಡೆ ತಿರುಗಿದರು. ಇಡೀ ಮುಖ ನಗುತ್ತಿತ್ತು.

"ಬೇಜಾರೆಂತದು ಮಾರಾಯ್ತಿ! ಹಾಗೆ ಹೇಳಲಿಕ್ಕೆ ಎಷ್ಟು ಖುಷಿ ಆಗ್ತದೆ ಗೊತ್ತುಂಟಾ ನಿನಗೆ? ಸುಮ್ಮನೆ ಅವರಿಗೆ ಬೈದೆ ನಾನು ಇಷ್ಟು ವರ್ಷ!"